ಇಂಗಿನ ಡಬ್ಬಿಯೂ ಶೆರಿ ಪೀಪಾಯಿಯೂ

ಗಂಗಾವತಿ ಕಡೆಯ ನವಲಿಯಲ್ಲಿ ನನ್ನ ಸೋದರಮಾವನದು ಕಿರಾಣಿ ಅಂಗಡಿ. ಕುಡಿತ ಬಿಟ್ಟು ಹದಿನೈದು ವರ್ಷದ ಮೇಲಾಯಿತು, ಮೂಗು ಮಾತ್ರ ಇನ್ನೂ ಚುರುಕಾಗಿದೆ. ಕೊತ್ತಂಬರಿ ಚೀಲದ ಬಾಯಿ ಬಿಚ್ಚಿದ ಕೂಡಲೇ ಅದು ಈ ವರ್ಷದ್ದೋ ಹೋದ ವರ್ಷದ್ದೋ ಹೇಳಿಬಿಡುವ ಮನುಷ್ಯ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಗೆಳೆಯನೊಬ್ಬ ವಿದೇಶದಿಂದ ತಂದುಕೊಟ್ಟ ಬಾಲ್ವೆನಿ ಡಬಲ್‌ವುಡ್ ವಿಸ್ಕಿ ಬಾಟಲಿ ನನ್ನ ಚೀಲದಲ್ಲಿತ್ತು. ಸಂಜೆ ಮಾಳಿಗೆ ಮೇಲೆ ಕೂತು ಗ್ಲಾಸಿಗೆ ಒಂದಿಷ್ಟು ಸುರಿದು, "ಕುಡೀಬ್ಯಾಡ್ರಿ ಮಾವ, ಬರೇ ಮೂಸಿ ನೋಡ್ರಿ" ಅಂದೆ.

ಮಾವ ಗ್ಲಾಸನ್ನು ಮೂಗಿಗೆ ಒತ್ತಿಕೊಂಡವರು ತಟ್ಟನೆ ಹಿಂದಕ್ಕೆ ಸರಿದರು. ಕಣ್ಣಲ್ಲಿ ನೀರು. ಸ್ವಲ್ಪ ಸುಧಾರಿಸಿಕೊಂಡು, ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಅರ್ಧ ತೆರೆದು ಮತ್ತೊಮ್ಮೆ ಮೂಸಿದರು. ಈ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. "ಇದರಾಗ ಅಂಟಿನುಂಡಿ ವಾಸನಿ ಬರಾಕತ್ತೈತಲ್ಲೋ ಅಳಿಯ. ಉತ್ತತ್ತಿ ಐತಿ, ಒಣಕೊಬ್ಬರಿ ಐತಿ, ಒಂದ್ ಲವಂಗನೂ ಬಿದ್ದೈತಿ. ಬೆಲ್ಲದ ಪಾಕ ಮಾತ್ರ ಚೂರು ತಳ ಹತ್ತೈತಿ" ಅಂದರು.

ವಿಸ್ಕಿ ಬಗ್ಗೆ ಬರೆಯುವವರ ಎಷ್ಟೋ ಪುಟಗಳನ್ನು ಓದಿದ್ದೇನೆ, ಇಷ್ಟು ಚೊಕ್ಕವಾಗಿ ಯಾರೂ ಹೇಳಿದ್ದು ನೆನಪಿಲ್ಲ. ಆದರೆ ಆ ಬಾಟಲಿಯೊಳಗೆ ಉತ್ತತ್ತಿಯಿಲ್ಲ, ಕೊಬ್ಬರಿಯಿಲ್ಲ, ಲವಂಗವಿಲ್ಲ. ಸಿಂಗಲ್ ಮಾಲ್ಟ್ ಸ್ಕಾಚ್ ಅಂದರೆ ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿ, ನೀರು, ಯೀಸ್ಟ್ ಇಷ್ಟರಿಂದಲೇ, ತಾಮ್ರದ ಹಂಡೆಯಲ್ಲಿ ಇಳಿಸಿದ್ದು. ಅದು ಸ್ಕಾಟ್ಲೆಂಡಿನಲ್ಲೇ 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು, ಬಾಟಲಿಗೆ ಇಳಿಯುವಾಗ ಮದ್ಯಾಂಶ ಶೇ 40ಕ್ಕಿಂತ ಕಡಿಮೆ ಇರಬಾರದು. ನೀರು, ಬಣ್ಣಕ್ಕೆ ಸುಟ್ಟ ಸಕ್ಕರೆಯ ಕ್ಯಾರಮೆಲ್ ಇವೆರಡನ್ನು ಬಿಟ್ಟರೆ ಬೇರೇನನ್ನೂ ಬೆರೆಸುವಂತಿಲ್ಲ ಎನ್ನುತ್ತದೆ ಅಲ್ಲಿನ 2009ರ ನಿಯಮ. ಹಾಗಿದ್ದ ಮೇಲೆ ಬಾರ್ಲಿ ರಸಕ್ಕೆ ಅಂಟಿನುಂಡಿಯ ವಾಸನೆ ಬಂದದ್ದೆಲ್ಲಿಂದ? ಲೇಬಲ್ ಹೇಳುವ ಉತ್ತರ: ಶೆರಿ ಪೀಪಾಯಿಯಿಂದ. ಈ ಉತ್ತರ ಎಷ್ಟರ ಮಟ್ಟಿಗೆ ನಿಜ ಅನ್ನುವುದು ಇಲ್ಲಿಯ ವಿಚಾರ.

ಮೊದಲು ಒಂದು ಗೊಂದಲ ಕಳೆಯಬೇಕು. ಶೆರಿ ಬೇರೆ, ಕೇಕಿನ ಮೇಲೆ ಕೂರುವ ಕೆಂಪು ಚೆರ್ರಿ ಹಣ್ಣು ಬೇರೆ. ಬೆಂಗಳೂರಿನ ಬಾರೊಂದರಲ್ಲಿ ಬಡಿಸುವ ಹುಡುಗ ಚೆರ್ರಿ ಹಣ್ಣಿನ ರಸದಲ್ಲಿ ನೆನೆಸಿದ ವಿಸ್ಕಿ ಎಂದು ನನಗೇ ಬಿಡಿಸಿ ಹೇಳಿದ್ದುಂಟು. ಶೆರಿ ಎಂಬುದು ಸ್ಪೇನಿನ ದಕ್ಷಿಣದ ಹೆರೆಸ್ ಪಟ್ಟಣದ ಸುತ್ತಮುತ್ತ ತಯಾರಾಗುವ ದ್ರಾಕ್ಷಿ ಮದ್ಯ. ಹೆರೆಸ್ ಎಂಬ ಹೆಸರೇ ಇಂಗ್ಲಿಷರ ಬಾಯಲ್ಲಿ ಶೆರಿ ಆಯಿತು. ಬಿಳಿಯ ಪಲೊಮಿನೊ ದ್ರಾಕ್ಷಿಯ ವೈನಿಗೆ ಒಂದಿಷ್ಟು ಮದ್ಯಸಾರ ಸೇರಿಸಿ ಪೀಪಾಯಿಗೆ ಹಾಕುತ್ತಾರೆ. ಮೇಲೆ ಯೀಸ್ಟಿನ ಕೆನೆ ಕಟ್ಟಿ ಗಾಳಿ ತಾಗದಂತೆ ಬೆಳೆದರೆ ತೆಳುಬಣ್ಣದ ಫಿನೊ. ಮದ್ಯಾಂಶ ಹೆಚ್ಚಿಸಿ ಆ ಕೆನೆ ಕಟ್ಟದಂತೆ ಮಾಡಿ, ಗಾಳಿಗೆ ಮಾಗಲು ಬಿಟ್ಟರೆ ಕಂದುಬಣ್ಣದ, ಅಕ್ರೋಟಿನ ವಾಸನೆಯ ಒಲೊರೊಸೊ. ಪೆದ್ರೊ ಹಿಮೆನೆಸ್ ಎಂಬ ಇನ್ನೊಂದು ಜಾತಿಯ ದ್ರಾಕ್ಷಿಯನ್ನು ಚಾಪೆಯ ಮೇಲೆ ಬಿಸಿಲಿಗೆ ಒಣಹಾಕಿ ಆಮೇಲೆ ಹಿಂಡುತ್ತಾರೆ. ನಮ್ಮ ವಿಜಯಪುರದವರು ಒಣದ್ರಾಕ್ಷಿಯನ್ನು ನೆರಳಿನ ಶೆಡ್ಡಿನಲ್ಲಿ ಒಣಗಿಸಿದರೆ ಅವರದು ನೇರ ಬಿಸಿಲಿನ ಕೆಲಸ. ಹಾಗೆ ಬಂದ ರಸ ಜೋನಿ ಬೆಲ್ಲದಷ್ಟೇ ಕಪ್ಪು, ಅಷ್ಟೇ ಮಂದ, ಅಷ್ಟೇ ಸಿಹಿ. ವಿಸ್ಕಿಯವರಿಗೆ ಮುಖ್ಯವಾಗಿ ಬೇಕಾದದ್ದು ಒಲೊರೊಸೊ, ಪೆದ್ರೊ ಹಿಮೆನೆಸ್ ಈ ಎರಡರ ಪೀಪಾಯಿಗಳು.

ಮಾವನ ಪಟ್ಟಿಗೆ ಮರಳೋಣ. ಒಣಕೊಬ್ಬರಿಯ ವಾಸನೆ ಬರುವುದು ಓಕ್ ಮರದಲ್ಲಿರುವ ಲ್ಯಾಕ್ಟೋನ್ ಎಂಬ ಅಂಶದಿಂದ, ಅದು ಅಮೆರಿಕದ ಬಿಳಿ ಓಕಿನಲ್ಲಿ ಹೇರಳ. ಅಮೆರಿಕದವರು ಬೂರ್ಬನ್ ವಿಸ್ಕಿಗೆ ಪ್ರತಿಸಲ ಹೊಸ ಪೀಪಾಯಿಯನ್ನೇ ಬಳಸಬೇಕೆಂಬ ಕಾನೂನಿರುವುದರಿಂದ ಅವರ ಹಳೆಯ ಪೀಪಾಯಿಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿಗೆ ಹೋಗುತ್ತವೆ. ಹೆಚ್ಚಿನ ಸ್ಕಾಚ್ ಬೆಳೆಯುವುದೇ ಅವುಗಳಲ್ಲಿ. ಲವಂಗದ ವಾಸನೆ ಯುಜಿನಾಲ್‌ನದು, ಅದೂ ಮರದ್ದೇ. ಲವಂಗದೆಣ್ಣೆಯಲ್ಲಿರುವುದೂ ಇದೇ ವಸ್ತು, ಹಾಗಾಗಿ ಮಾವ ಹೇಳಿದ್ದು ಬರೀ ಹೋಲಿಕೆಯಲ್ಲ, ಅಕ್ಷರಶಃ ಸತ್ಯ. ಯುರೋಪಿನ ಓಕಿನಲ್ಲಿ ಒಗರು ಜಾಸ್ತಿ, ಮಸಾಲೆ ಗುಣವೂ ಮುಂದು. ತಳ ಹತ್ತಿದ ಬೆಲ್ಲದ ವಾಸನೆ, ಪೀಪಾಯಿ ಕಟ್ಟುವಾಗ ಹಲಗೆ ಬಾಗಿಸಲು ಕೊಡುವ ಬೆಂಕಿಯಿಂದ ಮರದೊಳಗಿನ ಸಕ್ಕರೆ ಕರಗಿ ಕಂದಿದ್ದರ ಫಲ. ಹೀಗೆ ಒಂದೊಂದನ್ನೇ ಕಳೆಯುತ್ತ ಬಂದರೆ ಶೆರಿಯ ಪಾಲಿಗೆ ಉಳಿಯುವುದು ಉತ್ತತ್ತಿ ಒಂದೇ. ನಾವು ಶೆರಿ ರುಚಿ ಎಂದು ತಲೆದೂಗುವುದರಲ್ಲಿ ಮರದ ಪಾಲು ದೊಡ್ಡದು, ಮದ್ಯದ ಪಾಲು ಸಣ್ಣದು. ಇದು ನನ್ನ ಅಭಿಪ್ರಾಯ. ಉತ್ತತ್ತಿಯೂ ಮರದಿಂದಲೇ ಎನ್ನುವವರಿದ್ದಾರೆ, ಅಷ್ಟು ದೂರ ನಾನು ಹೋಗಲಾರೆ.

ಯಾಕೆಂದರೆ ಮಾವನ ಅಂಗಡಿಯಲ್ಲಿ ಇಂಗಿನ ಡಬ್ಬಿಯೊಂದಿದೆ. ತಗಡಿನದು. ಇಂಗು ಖಾಲಿಯಾದ ಮೇಲೆ ಬಿಸಿನೀರಲ್ಲಿ ತೊಳೆದು, ಬಿಸಿಲಿಗಿಟ್ಟು, ಅದರಲ್ಲಿ ಚಿಲ್ಲರೆ ನಾಣ್ಯ ಹಾಕಿದರು. ಈಗ ಅವರು ಕೊಡುವ ಚಿಲ್ಲರೆಗೂ ಇಂಗಿನ ವಾಸನೆ. ತಗಡಿನ ಗತಿಯೇ ಹೀಗಾದರೆ ಹೀರಿಕೊಳ್ಳುವ ಮರದ ಗತಿಯೇನು? 500 ಲೀಟರಿನ ಶೆರಿ ಪೀಪಾಯಿಯನ್ನು ಬೋರಲು ಹಾಕಿ ಬರಿದು ಮಾಡಿದರೂ ಹಲಗೆಗಳೊಳಗೆ ಹಲವು ಲೀಟರ್ ಶೆರಿ ಉಳಿದಿರುತ್ತದೆ. ವಿಸ್ಕಿ ಸುರಿದಾಗ ಅದು ಮೆಲ್ಲಗೆ ಹೊರಬರುತ್ತದೆ. ಬೆರೆಸುವಂತಿಲ್ಲ ಎಂಬ ನಿಯಮವನ್ನು ಮರ ಓದಿಲ್ಲ.

ಹಳೆಯ ಕಾಲದಲ್ಲಿ ಶೆರಿ ಪೀಪಾಯಿ ಬಳಸುವುದರಲ್ಲಿ ಜಾಣತನಕ್ಕಿಂತ ಜಿಪುಣತನವೇ ಹೆಚ್ಚಿತ್ತು. ಬ್ರಿಟನ್ನಿನವರಿಗೆ ಶೆರಿಯ ಹುಚ್ಚು. ಮಾಲು ಪೀಪಾಯಿಗಳಲ್ಲೇ ಹಡಗಿನಲ್ಲಿ ಬರುತ್ತಿತ್ತು. ಖಾಲಿ ಪೀಪಾಯಿಯನ್ನು ವಾಪಸು ಸ್ಪೇನಿಗೆ ಕಳಿಸುವ ಖರ್ಚು ಯಾರಿಗೆ ಬೇಕು? ಸ್ಕಾಟ್ಲೆಂಡಿನ ಭಟ್ಟಿಯವರು ಅಗ್ಗಕ್ಕೆ ಕೊಂಡು ತಮ್ಮ ಸಾರಾಯಿ ತುಂಬಿಟ್ಟರು. ಖಾಲಿಯಾದ ಎಣ್ಣೆ ಡಬ್ಬ ನಮ್ಮಲ್ಲಿ ಜೋಳದ ಹಿಟ್ಟಿನ ಡಬ್ಬವಾಗುವ ಹಾಗೆ. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕೆಂದಾಯಿತು. ಸಾಗಣೆ ಪೀಪಾಯಿಗಳ ಕಥೆ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಕುಡಿಯುವವರ ನಾಲಿಗೆಗೆ ಆ ರುಚಿ ಹತ್ತಿಬಿಟ್ಟಿತ್ತು. ಸತ್ವ ಕಳೆದುಕೊಂಡ ಪೀಪಾಯಿಗೆ ಪಕ್ಸರೆಟ್ ಎಂಬ ದಟ್ಟ ಸಿಹಿ ದ್ರಾಕ್ಷಿ ರಸವನ್ನು ಒತ್ತಡ ಹಾಕಿ ಹಲಗೆಗೆ ಕುಡಿಸುವ ಅಡ್ಡದಾರಿಯೂ ಬಹುಕಾಲ ಚಾಲ್ತಿಯಲ್ಲಿತ್ತು, 1990ರ ಸುಮಾರಿಗೆ ಅದಕ್ಕೆ ತಡೆ ಬಿತ್ತು.

ಇವತ್ತಿನ ಶೆರಿ ಪೀಪಾಯಿಯ ಸಂಗತಿ ತಿಳಿದಾಗ ನನಗೆ ನಗು ಬಂತು. ಶೆರಿ ಮಾಡುವವರಿಗೆ ತಮ್ಮ ವೈನಿಗೆ ಮರದ ವಾಸನೆ ತಾಗುವುದು ಬೇಡವೇ ಬೇಡ. ಅವರು ಬಳಸುವುದು ಹತ್ತಾರು ವರ್ಷ ಹಳೆಯ, ಇನ್ನೇನೂ ಬಿಟ್ಟುಕೊಡಲಾರದ ಮುದಿ ಪೀಪಾಯಿ. ಅದು ಒಡೆದರೂ ರಿಪೇರಿ ಮಾಡಿಸುತ್ತಾರೆ, ಮಾರುವುದು ಅಪರೂಪ. ವಿಸ್ಕಿಯವರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ, ಜೀವಂತ ಮರ. ಹಾಗಾಗಿ ಹೊಸ ಪೀಪಾಯಿ ಕಟ್ಟಿಸಿ, ಅದರಲ್ಲಿ ವರ್ಷ, ಒಂದೂವರೆ ವರ್ಷ ಶೆರಿ ತುಂಬಿಟ್ಟು, ಹದ ಬಂದ ಮೇಲೆ ಬರಿದು ಮಾಡಿ ಸ್ಕಾಟ್ಲೆಂಡಿಗೆ ಕಳಿಸುವ ದೊಡ್ಡ ಉದ್ಯಮವೇ ಹೆರೆಸ್‌ನಲ್ಲಿ ಎದ್ದಿದೆ. ಅಲ್ಲಿನ ನಿಯಂತ್ರಣ ಮಂಡಳಿ ಇಂಥ ಪೀಪಾಯಿಗೆ ಪ್ರಮಾಣಪತ್ರವನ್ನೂ ಕೊಡುತ್ತದೆ. ಕನಿಷ್ಠ ಒಂದು ವರ್ಷ ಶೆರಿ ತುಂಬಿರಬೇಕು. ಹದ ಮಾಡಲು ಬಳಸಿದ ಆ ಶೆರಿಯನ್ನು ಮತ್ತೆ ಮತ್ತೆ ಬಳಸಿ, ಕೊನೆಗೆ ಭಟ್ಟಿಗೋ ವಿನಿಗರಿಗೋ ಕಳಿಸುತ್ತಾರೆ. ಅಂದರೆ ಯಾರೂ ಕುಡಿಯದ ಶೆರಿ, ಶೆರಿ ಬೆಳೆಸಲು ಬಳಸದ ಪೀಪಾಯಿ, ಎರಡೂ ಸೇರಿ ಶೆರಿ ಪೀಪಾಯಿ! ಮೋಸ ಅನ್ನಲಾರೆ. ಕೆಲಸ ಅಚ್ಚುಕಟ್ಟಾಗಿಯೇ ನಡೆಯುತ್ತದೆ. ಆದರೆ ಬಾಟಲಿಯ ಪೆಟ್ಟಿಗೆ ಮೇಲೆ ಚಿತ್ರಿಸುವ ಪಾಚಿ ಹಿಡಿದ ನೆಲಮಾಳಿಗೆಯ ಕಥೆ ಬೇರೆ, ಇದು ಬೇರೆ.

ಇನ್ನು ಫಿನಿಶ್, ಅಂದರೆ ಕೊನೆಯ ಹದ. ಮೆಕಾಲನ್, ಗ್ಲೆನ್‌ಫಾರ್ಕ್ಲಾಸ್, ಗ್ಲೆನ್‌ಡ್ರೊನಕ್ ಇಂಥವರು ಹೆಸರು ಮಾಡಿದ್ದು ಮೊದಲಿಂದ ಕೊನೆವರೆಗೂ ಶೆರಿ ಪೀಪಾಯಿಯಲ್ಲೇ ಇಟ್ಟ ವಿಸ್ಕಿಯಿಂದ. ಬಾಲ್ವೆನಿಯ ಡೇವಿಡ್ ಸ್ಟುವರ್ಟ್ 1980ರ ದಶಕದ ಆರಂಭದಲ್ಲಿ ಬೂರ್ಬನ್ ಪೀಪಾಯಿಯಲ್ಲಿ ಬೆಳೆದದ್ದನ್ನು ಕೊನೆಗೆ ಕೆಲವು ತಿಂಗಳು ಶೆರಿ ಪೀಪಾಯಿಗೆ ವರ್ಗಾಯಿಸಿ ನೋಡಿದರು. ಡಬಲ್‌ವುಡ್ ಆ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಅದು ಒಲೊರೊಸೊ ಪೀಪಾಯಿಯಲ್ಲಿ ಇರುವುದು ಹನ್ನೆರಡು ವರ್ಷಗಳ ಪೈಕಿ ಸುಮಾರು 9 ತಿಂಗಳು. ನಮ್ಮ ಮಾವನಿಗೆ ಕೊಬ್ಬರಿ, ಉತ್ತತ್ತಿ ಎರಡೂ ಸಿಕ್ಕಿದ್ದು ಅದಕ್ಕೇ. ಕೊಬ್ಬರಿ ಹಾಕಿದ್ದು ಅಮೆರಿಕದ ಪೀಪಾಯಿ, ಉತ್ತತ್ತಿ ಹಾಕಿದ್ದು ಹೆರೆಸ್. ಒಗ್ಗರಣೆ ಕೊನೆಗೆ ಬಿದ್ದರೂ ಸಾರಿನ ಪರಿಮಳವೆಲ್ಲ ಅದರದೇ ಅನ್ನಿಸುವುದಿಲ್ಲವೆ?

ಒಗ್ಗರಣೆ ಎಂದ ಮೇಲೆ ಅದರ ದುರುಪಯೋಗವೂ ಗೊತ್ತಿರಬೇಕು. ಹಳಸಲು ಸಾರನ್ನು ಇಂಗಿನ ಒಗ್ಗರಣೆಯಿಂದ ಮುಚ್ಚಿ ಬಡಿಸುವ ಖಾನಾವಳಿಗಳಿರುವಂತೆ, ದಣಿದ ಪೀಪಾಯಿಯಲ್ಲಿ ಬಣ್ಣ ರುಚಿ ಏನೂ ಬಾರದ ವಿಸ್ಕಿಗೆ ಆರು ತಿಂಗಳ ಪೆದ್ರೊ ಹಿಮೆನೆಸ್ ಹೊದಿಸಿ ಮಾರುವವರೂ ಇದ್ದಾರೆ. ಮೊದಲ ಗುಟುಕಿಗೆ ದ್ರಾಕ್ಷಿಯ ಸಿಹಿ, ನುಂಗಿದ ಮೇಲೆ ಖಾಲಿ, ನಾಲಿಗೆಯ ಅಂಚಿಗೆ ಹಸಿ ಸಾರಾಯಿಯ ಕಡಿತ. ವಿಸ್ಕಿ, ಶೆರಿ ಎಂಬ ಎರಡೂ ಪದರ ಬೇರೆಬೇರೆಯಾಗಿ ನಿಂತಿವೆಯೋ ಕೂಡಿವೆಯೋ ಎಂದು ನೋಡುವುದೇ ಇಂಥದರ ಪರೀಕ್ಷೆ. ಬಣ್ಣವನ್ನಂತೂ ನಂಬಲೇಬಾರದು. ಜೇನುಗಂದು ಬಣ್ಣ ಪೀಪಾಯಿಯಿಂದಲೂ ಬಂದೀತು, ಕ್ಯಾರಮೆಲ್ ಚಮಚದಿಂದಲೂ ಬಂದೀತು. ಜರ್ಮನಿಯಲ್ಲಿ ಬಣ್ಣ ಸೇರಿಸಿದ್ದರೆ ಲೇಬಲ್ ಮೇಲೆ ಹಾಗೆಂದು ಅಚ್ಚುಹಾಕಬೇಕು.  ಇನ್ನೊಂದು ದೋಷ ಗಂಧಕ. ಖಾಲಿ ಪೀಪಾಯಿ ಕೆಡದಿರಲೆಂದು ಒಳಗೆ ಗಂಧಕದ ಬತ್ತಿ ಹಚ್ಚುವ ರೂಢಿಯಿಂದ ಕೆಲವು ಶೆರಿ ವಿಸ್ಕಿಗಳಿಗೆ ಆಗತಾನೆ ಗೀರಿದ ಬೆಂಕಿಕಡ್ಡಿಯ ವಾಸನೆ ಬರುತ್ತದೆ. ಇದನ್ನು ಮೆಚ್ಚುವವರೂ ಇದ್ದಾರೆ. ನನಗೆ ದೀಪಾವಳಿ ಮಾರನೆಯ ದಿನದ ಓಣಿ ನೆನಪಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕಕ್ಕೂ ಸ್ಕಾಚಿನ ಲೋಕಕ್ಕೂ ನಂಟು ಹೊಸದಲ್ಲ. ಬೆಂಗಳೂರಿನ ವಿಜಯ್ ಮಲ್ಯ ಅವರ ಯುನೈಟೆಡ್ ಸ್ಪಿರಿಟ್ಸ್ 2007ರಲ್ಲಿ ಸ್ಕಾಟ್ಲೆಂಡಿನ ವೈಟ್ ಅಂಡ್ ಮೆಕೆ ಕಂಪನಿಯನ್ನು ಕೊಂಡಿತು. ಒಲೊರೊಸೊ ಪೀಪಾಯಿಯ ಹದಕ್ಕೆ ಹೆಸರಾದ ಡಾಲ್ಮೋರ್ ಭಟ್ಟಿ ಅದರದೇ. 2014ರಲ್ಲಿ ಕೈಬಿಡುವವರೆಗೂ ಆ ಪೀಪಾಯಿಗಳ ಲೆಕ್ಕ ಬೆಂಗಳೂರಿನ ಖಾತೆಯಲ್ಲಿತ್ತು. ಅದಕ್ಕೂ ಹಿಂದೆ, 1968ರಲ್ಲಿ, ಬೆಂಗಳೂರಿನ ಖೋಡೆ ಕುಟುಂಬ ಪೀಟರ್ ಸ್ಕಾಟ್ ಎಂಬ ಹೆಸರಿನಲ್ಲಿ ವಿಸ್ಕಿ ತಂದು, ಆ ಹೆಸರಿಗಾಗಿ ಸ್ಕಾಚ್ ಸಂಘದೊಂದಿಗೆ ವರ್ಷಗಟ್ಟಲೆ ಕಟ್ಲೆ ನಡೆಸಿ 2008ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಇವೆಲ್ಲ ಹೆಸರಿನ, ದುಡ್ಡಿನ ಕಥೆ. ರುಚಿಯ ಕಥೆ ಮೈಸೂರು ರಸ್ತೆಯ ಕಂಬೀಪುರದಲ್ಲಿದೆ.

1948ರಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಅಮೃತ್ ಡಿಸ್ಟಿಲರೀಸ್, ಅವರ ಮಗ ನೀಲಕಂಠರಾವ್ ಜಗದಾಳೆ ಅವರ ಕಾಲದಲ್ಲಿ, 2004ರ ಆಗಸ್ಟಿನಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಕೊಲ್ಲಾಪುರಕ್ಕೆ ಹೋಗಿ ಚಪ್ಪಲಿ ಮಾರಿದಂತೆ! 2010ರಲ್ಲಿ ಬಂದ ಇಂಟರ್‌ಮೀಡಿಯೆಟ್ ಶೆರಿಯಲ್ಲಿ ಅವರು ಕೊನೆಯ ಹದವೆಂಬ ಕಲ್ಪನೆಯನ್ನೇ ತಿರುವಿ ಹಾಕಿದರು. ಶೆರಿ ಪೀಪಾಯಿ ಬರುವುದು ಕೊನೆಗಲ್ಲ, ನಡುವೆ. ಆಮೇಲೆ ಮತ್ತೆ ಬೂರ್ಬನ್ ಪೀಪಾಯಿಗೆ. ಒಗ್ಗರಣೆಯನ್ನು ಮೇಲೆ ತೇಲಲು ಬಿಡದೆ ಸಾರಿನ ಜತೆ ಕುದಿಸಿದಂತೆ. ಶೇ 57.1ರಷ್ಟು ಮದ್ಯಾಂಶವಿದ್ದರೂ, ನಾಲ್ಕು ಹನಿ ನೀರು ಬಿದ್ದ ಮೇಲೆ ಅದರ ಉತ್ತತ್ತಿ, ಕೊಬ್ಬರಿ ಒಂದಕ್ಕೊಂದು ಅಂಟಿಕೊಂಡೇ ಬಾಯಿಗೆ ಬರುತ್ತವೆ. ಸ್ಪೆಕ್ಟ್ರಂ ಎಂಬುದಕ್ಕೆ ಬೇರೆಬೇರೆ ಮರದ, ಶೆರಿ ಕುಡಿದ ಹಲಗೆಗಳೂ ಸೇರಿದಂತೆ, ಹಲಗೆಗಳನ್ನು ಒಂದೇ ಪೀಪಾಯಿಯಾಗಿ ಕಟ್ಟಿದರು. ನಾರಂಗಿ, ಅಂದರೆ ಕಿತ್ತಳೆ, ಎಂಬುದರಲ್ಲಿ ಪೀಪಾಯಿಯೊಳಗೆ ಶೆರಿಯ ಜತೆ ಕಿತ್ತಳೆ ಸಿಪ್ಪೆ ನೆನೆಹಾಕಿ, ಅದನ್ನು ಬರಿದು ಮಾಡಿ, ಆ ಪೀಪಾಯಿಗೆ ವಿಸ್ಕಿ ಸುರಿದರು. ಸ್ಕಾಟ್ಲೆಂಡಿನಲ್ಲಿ ಹೀಗೆ ಮಾಡಿ ಸ್ಕಾಚ್ ಎಂದು ಮಾರುವುದು ಕಷ್ಟ. ನಮ್ಮ ಇಂಗಿನ ಡಬ್ಬಿ ನ್ಯಾಯಕ್ಕೆ ಇದಕ್ಕಿಂತ ಪ್ರಾಮಾಣಿಕ ಉದಾಹರಣೆ ಇನ್ನೊಂದಿಲ್ಲ. ಏನು ನೆನೆಹಾಕಿದ್ದೆವು ಎಂದು ಹೆಸರಲ್ಲೇ ಹೇಳಿದ್ದಾರೆ. ಬೆಂಗಳೂರಿನದೇ ಆದ ಜಾನ್ ಡಿಸ್ಟಿಲರೀಸ್ ಗೋವಾದ ಕುಂಕಳ್ಳಿಯಲ್ಲಿ ಮಾಡುವ ಪಾಲ್ ಜಾನ್‌ನಲ್ಲೂ ಒಲೊರೊಸೊ, ಪೆದ್ರೊ ಹಿಮೆನೆಸ್ ಪೀಪಾಯಿಯವು ಬಂದಿವೆ.

ನಮ್ಮ ಕಡೆಯ ವಿಸ್ಕಿಗೆ ವಯಸ್ಸಿಲ್ಲ ಎಂದು ಮೂಗು ಮುರಿಯುವವರಿಗೆ ಒಂದು ಲೆಕ್ಕ. ಪೀಪಾಯಿಯಿಂದ ಪ್ರತಿವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನವರು ಅದನ್ನು ದೇವದೂತರ ಪಾಲು ಅನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ಶೇ 2ರ ಆಸುಪಾಸು, ಬೆಂಗಳೂರಿನಲ್ಲಿ ಶೇ 10ರಿಂದ 12. 200 ಲೀಟರ್ ಪೀಪಾಯಿಯಲ್ಲಿ ಅಲ್ಲಿ 12 ವರ್ಷದ ಬಳಿಕವೂ 157 ಲೀಟರ್ ಉಳಿದರೆ, ಇಲ್ಲಿ ನಾಲ್ಕೇ ವರ್ಷಕ್ಕೆ 125ಕ್ಕೆ ಇಳಿದಿರುತ್ತದೆ. ಅಮೃತ್‌ನವರು 2013ರಲ್ಲಿ ತಂದ 8 ವರ್ಷದ ವಿಸ್ಕಿಗೆ ದುರಾಸೆಯ ದೇವದೂತರು ಎಂಬರ್ಥದ ಗ್ರೀಡಿ ಏಂಜೆಲ್ಸ್ ಹೆಸರಿಟ್ಟಿದ್ದು ಸುಮ್ಮನಲ್ಲ. ಇದನ್ನು ಮಾವನಿಗೆ ವಿವರಿಸುವುದೇ ಬೇಕಾಗಲಿಲ್ಲ.  ಮಾಳಿಗೆ ಮೇಲಿನ ಬಿಸಿಗಾಳಿಗೆ ಮುಖವೊಡ್ಡಿ ಅವರೆಂದರು: "ನಮ್ಮ ಬಿಸಲಿಗೆ ಕೆರಿನೇ ನಿಲ್ಲಂಗಿಲ್ಲ, ನಿನ್ನ ಪೀಪಾಯಿ ಯಾವ ಲೆಕ್ಕ?" ಬಿಸಿಲಿಗೆ ಹೋಗುವುದು ಹೋಗುತ್ತದೆ, ಜತೆಗೇ ಮರದಿಂದ ಬರುವುದೂ ಬೇಗ ಬರುತ್ತದೆ. ಹಾಗಾಗಿ ಇಲ್ಲಿ ಶೆರಿ ಪೀಪಾಯಿಯ ಒಂದು ತಿಂಗಳನ್ನು ಅಲ್ಲಿಯ ತಿಂಗಳಿನಿಂದ ಅಳೆಯಲಾಗದು. ನಾಲ್ಕು ದಿನ ಮರೆತರೆ ಒಗರು ಏರಿ, ಬಾಯಿ ಎಳೆಯ ಬಾಳೆಕಾಯಿ ಕಚ್ಚಿದ ಹಾಗಾಗುತ್ತದೆ.

ಇಷ್ಟೆಲ್ಲ ಬರೆಯುವಾಗ ಒಳಗೊಂದು ಮುಜುಗರ ಇದ್ದೇ ಇದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಮದ್ಯವೆಂದರೆ ಮೂಸಿ ನೋಡುವ ವಸ್ತುವಲ್ಲ, ಕೂಲಿ ದುಡ್ಡು ತಿನ್ನುವ ವಸ್ತು. ಮಂಪರು ಬರಿಸುವ ಸಿ.ಎಚ್. ಪೌಡರ್ ಬೆರೆಸಿದ ಸೇಂದಿ, ಪಾಕೀಟು ಸಾರಾಯಿ, ಅವೆರಡನ್ನೂ ಕಂಡವರು ಮಾವ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಕಬ್ಬಿನ ಕಾಕಂಬಿಯ ಮದ್ಯಸಾರಕ್ಕೆ ಬಣ್ಣ, ವಾಸನೆ ಸೇರಿಸಿ ವಿಸ್ಕಿ ಎನ್ನುವ ಆ ಮಾಲಿಗೆ ಯುರೋಪಿನಲ್ಲಿ ಆ ಹೆಸರೇ ಸಲ್ಲದು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಸಾವಿರಾರು ಹೆಂಗಸರಲ್ಲಿ ನಮ್ಮ ಭಾಗದವರೂ ಇದ್ದರು. ಅವರೆದುರು ಒಲೊರೊಸೊ, ಲ್ಯಾಕ್ಟೋನ್ ಎನ್ನುವ ಧೈರ್ಯ ನನಗಿಲ್ಲ. ಮಾವ ಗ್ಲಾಸನ್ನು ಮೂಸಿ ಕೆಳಗಿಟ್ಟರಲ್ಲ, ಅಷ್ಟಕ್ಕೇ ನಿಲ್ಲುವುದು ಎಲ್ಲರಿಗೂ ಆಗುವ ಮಾತಲ್ಲ.

ಕುಡಿಯುವವರಿಗೆ ಎರಡು ವ್ಯಾವಹಾರಿಕ ಮಾತು. ಸ್ಟೀಲ್ ಲೋಟ ಬೇಡ, ಅಗಲ ಬಾಯಿಯ ಗ್ಲಾಸೂ ಬೇಡ. ಹೊಟ್ಟೆ ದುಂಡಗೆ, ಬಾಯಿ ಕಿರಿದಾಗಿರುವ ಗ್ಲಾಸು ಬೇಕು. ನಮ್ಮ ಬೇಸಿಗೆಯಲ್ಲಿ ಮದ್ಯಸಾರವೇ ಮೊದಲು ಮೂಗಿಗೆ ಎರಗುವುದರಿಂದ ಬಾಟಲಿಯನ್ನು ಸ್ವಲ್ಪ ಹೊತ್ತು ಮಣ್ಣಿನ ಹರವಿಯ ಪಕ್ಕ ಇಟ್ಟರೆ ಒಳ್ಳೆಯದು, ಐಸ್ ಹಾಕಿದರೆ ವಾಸನೆ ಮುದುಡಿಕೊಳ್ಳುತ್ತದೆ. ನಂಜಿಕೊಳ್ಳಲು ಮಿರ್ಚಿ ಭಜಿ ತಂದರೆ ಶೆರಿಯ ಕೆಲಸ ಅಲ್ಲಿಗೆ ಮುಗಿಯಿತು. ಒಂದು ಉತ್ತತ್ತಿ, ನಾಲ್ಕು ಹುರಿದ ಶೇಂಗಾ ಸಾಕು.

ಬೆಲೆಯ ಮಾತು ಬದಲಾಗುತ್ತಿದೆ. ಸ್ಕಾಚ್ ಮೇಲಿನ ಶೇ 150ರ ಆಮದು ಸುಂಕವನ್ನು ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಸುವ ಒಪ್ಪಂದಕ್ಕೆ ಭಾರತ, ಬ್ರಿಟನ್ 2025ರ ಜುಲೈ 24ರಂದು ಸಹಿ ಹಾಕಿವೆ. ಶೆರಿ ಎಂಬ ಪದ ಹೊತ್ತ ಇನ್ನಷ್ಟು ಬಾಟಲಿಗಳು ಅಂಗಡಿಯ ಕಪಾಟಿಗೆ ಬರುವುದು ಖಂಡಿತ. ಇಲ್ಲಿಯವರಾಗಲಿ ಅಲ್ಲಿಯವರಾಗಲಿ, ಲೇಬಲ್ ಮೇಲೆ ಮೂರು ಸಂಗತಿ ಅಚ್ಚು ಹಾಕಲಿ: ಪೀಪಾಯಿಯಲ್ಲಿ ಮೊದಲು ಇದ್ದದ್ದು ಯಾವ ಶೆರಿ, ವಿಸ್ಕಿ ಅದರಲ್ಲಿ ಇದ್ದದ್ದು ಎಷ್ಟು ತಿಂಗಳು, ಬಣ್ಣ ಸೇರಿಸಿದ್ದಾರೋ ಇಲ್ಲವೋ. ಮಾವನ ಅಂಗಡಿಯಲ್ಲಿ ಹತ್ತು ರೂಪಾಯಿಯ ಇಂಗಿನ ಪೊಟ್ಟಣದ ಮೇಲೂ ಅದರಲ್ಲಿ ಏನೇನು ಬೆರೆತಿದೆ ಎಂದು ಬರೆದಿರುತ್ತದೆ.